ಎಣ್ಣೆ ಕಾಣದ ಫೋಮ್ ರಿಂಗು

"ಸಾಬ್ರೇ, ಏನ್ ಮಾಡಿಟ್ಟೀರ್ರಿ ಇದು? ನನ್ನನ್ನ ಗುಡ್ಡದ ಮೇಲಿಂದ ಉರುಳಿಸಬೇಕು ಅಂತಾನೇ ಇತ್ತಾ?"

ಮಟಮಟ ಮಧ್ಯಾಹ್ನ. ಉಂಡು ಮಗ್ಗುಲಾದ ಕೊಟ್ಟೂರು ಬಜಾರದಲ್ಲಿ ನಾಯಿಗಳೂ ನೆರಳು ಹುಡುಕಿಕೊಂಡು ಮಲಗಿದ್ದ ಹೊತ್ತು. ಯೂಸುಫ್ ಸಾಬರ ಸೈಕಲ್ ಅಂಗಡಿಯ ಶಟರು ಅರ್ಧಕ್ಕೆ ಇಳಿದಿತ್ತು. ಅದರ ಕೆಳಗಿಂದ ಮೊದಲು ಒಂದು ದಪ್ಪ ಗಾಲಿ ಒಳಗೆ ಬಂತು, ಹಿಂದೆಯೇ ಧೂಳು ಮೆತ್ತಿದ ಶೂ, ಆಮೇಲೆ ಬಗ್ಗಿಕೊಂಡು ಪೂರ್ತಿ ಮನುಷ್ಯ. ಎದ್ದು ನಿಂತು ಇನ್ನೂ ನಾಲ್ಕು ಮಾತಾಡಬೇಕೆಂದು ಬಾಯಿ ತೆರೆದವನು ತೆರೆದ ಬಾಯಲ್ಲೇ ನಿಂತ.

ಸಾಬರು ಇರಲಿಲ್ಲ. ಸಾಬರ ಜಾಗದಲ್ಲಿ, ದುಪಟ್ಟಾವನ್ನು ಕಿವಿಯ ಹಿಂದಕ್ಕೆ ಬಿಗಿದು ಕಟ್ಟಿಕೊಂಡು, ಮೊಣಕೈವರೆಗೆ ಗ್ರೀಸು ಬಳಿದುಕೊಂಡು, ಅವರ ಮಗಳು ನೂರೀನ ಕೂತಿದ್ದಳು.

ಅವಳು ಅಂಗಡಿಯೊಳಗಿನ ಪರದೆಯ ಹಿಂದಕ್ಕೆ ಓಡಬೇಕಿತ್ತು. ದಿನಾ ಹಾಗೇ ಮಾಡುತ್ತಿದ್ದಳು. ಶಟರಿನ ಕೆಳಗೆ ಯಾರದಾದರೂ ಕಾಲು ಕಂಡರೆ ಸಾಕು, ಎದ್ದು ಪರದೆಯ ಹಿಂದೆ ಸೇರಿದರೆ ಗಿರಾಕಿ ಹೋಗುವ ತನಕ ಅಲ್ಲೇ. ಇವತ್ತು ಕಾಲೇ ಏಳಲಿಲ್ಲ. ದನಿಯಿಂದಲೇ ಗೊತ್ತಾಗಿತ್ತಲ್ಲ, ಬಂದವನು ಸಲೀಂ ಎಂದು. ಹರಪನಹಳ್ಳಿಯ ಸಲೀಂ. ಗುಡ್ಡದ ಮೇಲೆ ತಿರುಗುವ ದೊಡ್ಡ ಗಾಳಿ ಫ್ಯಾನುಗಳನ್ನು ರಿಪೇರಿ ಮಾಡುವ ಟೆಕ್ನಿಶಿಯನ್. ರಜೆ ಬಂತೆಂದರೆ ಅದೇ ಗುಡ್ಡಗಳನ್ನು ಮೌಂಟೇನ್ ಬೈಕಿನಲ್ಲಿ ಹತ್ತಿ ಇಳಿಯುವ ಹುಚ್ಚ.

ಪರದೆಯಲ್ಲೊಂದು ತೂತಿತ್ತು. ಅದರಿಂದ ಒಂದು ದಿನ ಅವನ ಕಿವಿ ನೋಡಿದ್ದಳು, ಇನ್ನೊಂದು ದಿನ ಅರ್ಧ ಮೀಸೆ, ಮತ್ತೊಂದು ದಿನ ಗದ್ದದ ಮೇಲಿನ ಮಚ್ಚೆ. ಪೂರ್ತಿ ಮುಖ ಒಂದೇ ಸಲಕ್ಕೆ ಸಿಕ್ಕಿದ್ದು ಇವತ್ತೇ. ಬಿಡಿಬಿಡಿಯಾಗಿ ಜೋಡಿಸಿಕೊಂಡದ್ದಕ್ಕಿಂತ ಚೆನ್ನಾಗಿಯೇ ಇದ್ದ, ಹಾಳಾದವನು.

"ಸಾಬ್ರು ಇಲ್ವಾ?" ಸಲೀಮನ ದನಿ ಅಷ್ಟರಲ್ಲಿ ಬೆಕ್ಕಿನ ಮರಿಯದಾಗಿತ್ತು.

"ಕೂಡ್ಲಿಗಿಗೆ ಹೋಗ್ಯಾರ. ಸಂಜಿಗಿ ಬರ್ತಾರ."

"ಹಂಗಾದ್ರೆ ಆಮೇಲೆ ಬರ್ತೀನಿ. ಒಂದು ಮಾತು ಹೇಳಿಬಿಡ್ರಿ ಅವರಿಗೆ. ಹೋದ ಸಲ ಮಾಡಿಕೊಟ್ಟ ಮುಂದಿನ ಗಾಲಿ ಫೋರ್ಕು ಹಿಡ್ಕಂತೈತೆ. ಇಳಿಜಾರಿನಾಗೆ ಒಳಗೆ ಹೋಗದಂಗೆ ಬಿಗಿದು ನಿಂತ್ಕಂತು, ನಾನು ಹ್ಯಾಂಡಲ್ ದಾಟಿ ಮುಂದಕ್ಕೆ ಹಾರಿದೆ." ಅವನು ಎಡ ಅಂಗೈ ತೋರಿಸಿದ. ಚರ್ಮ ಸುಲಿದು ಕೆಂಪಗಾಗಿತ್ತು. "ಬೈಯಾಕೆ ಅಂತಾನೇ ಹೊಂಟಿದ್ದೆ. ದಾರಿಯಾಗೆ ಪಾಪ ಅನ್ನಿಸ್ತು. ವಯಸ್ಸಾತಲ್ಲ, ಕಣ್ಣು ಮಂಜಾಗಿರಬೇಕು. ಇಂಥ ಸೂಕ್ಷ್ಮ ಕೆಲಸ ಇನ್ಮೇಲೆ ಅವರಿಗೆ ಕೊಡಬಾರದು..."

ಅಪ್ಪನ ಕಣ್ಣಿನ ಮಾತು ಬಂದದ್ದೇ ತಡ, ನೂರೀನಳ ಎದೆ ಉರಿದುಹೋಯಿತು.

"ಅದು ನಮ್ಮಬ್ಬಾ ಮಾಡಿದ್ದಲ್ಲ," ಅಂದುಬಿಟ್ಟಳು. "ನಾನ ಮಾಡಿದ್ದು. ಫೋಮ್ ರಿಂಗಿಗೆ ಎಣ್ಣಿ ಕುಡಿಸೋದು ಮರ್ತೀನಿ."

ಅಯ್ಯೋ, ಬಾಯಿಂದ ಬಂದೇಬಿಟ್ಟಿತು. ಕೊಟ್ಟೂರಿನಲ್ಲಿ ಯಾರಿಗೂ ಗೊತ್ತಿಲ್ಲದ ಮಾತು.

ಯೂಸುಫ್ ಸಾಬರ ಫೋರ್ಕ್ ಕೆಲಸವೆಂದರೆ ಹೊಸಪೇಟೆ, ಸಂಡೂರಿನಿಂದ ಜನ ದುಬಾರಿ ಸೈಕಲ್ಲುಗಳನ್ನು ಹೊತ್ತು ತರುತ್ತಿದ್ದರು. ಸಾಬರ ಕಣ್ಣಿಗೆ ಪೊರೆ ಬಂದಾಗಿನಿಂದ ಆ ಕೆಲಸ ಮಾಡುತ್ತಿದ್ದವಳು ನೂರೀನ. ಅದೂ ಮಧ್ಯಾಹ್ನ, ಶಟರು ಅರ್ಧಕ್ಕೆ ಎಳೆದು, ಬಜಾರ ಮಲಗಿದ ಮೇಲೆ. ಸಂಜೆ ಸಾಬರು ಕೈಗೆ ಒಂದಿಷ್ಟು ಗ್ರೀಸು ಸವರಿಕೊಂಡು ಗಿರಾಕಿಗಳಿಗೆ ಸೈಕಲ್ ಕೊಡುತ್ತಿದ್ದರು. ಮದುವೆಗೆ ಬಂದ ಹುಡುಗಿ ಅಂಗಡಿಯಲ್ಲಿ ಕೂರುತ್ತಾಳೆಂದು ಸುದ್ದಿಯಾದರೆ ಯಾರು ಬರುತ್ತಾರೆ ಕೇಳಿಕೊಂಡು? ಅದು ಸಾಬರ ಭಯ. ಮಗಳ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಭಯ, ಹಾಗಾಗಿ ನೂರೀನಳಿಗೆ ಅದರ ಮೇಲೆ ಜಗಳ ತೆಗೆಯಲೂ ಬರುತ್ತಿರಲಿಲ್ಲ.

"ನೀವಾ?" ಸಲೀಂ ಕಣ್ಣು ಅರಳಿಸಿದ. "ಎಲ್ಲಾ ಸಲಾನೂ?"

"ಯಾರ ಮುಂದೂ ಆಡಬ್ಯಾಡ್ರಿ ಮತ್ತ. ದಯವಿಟ್ಟು ಹೋಗ್ರಿ. ಇವತ್ತ ಮನಿಗೆ ಮಂದಿ ಬರೋರದಾರ."

ಹುಡುಗ ಒಳ್ಳೆಯವನು. ಹೋಗು ಅಂದ ಕೂಡಲೇ ಹೊರಟ. ಗಾಯದ ಕೈ ನೋಯುತ್ತದೆಂದು ಶಟರಿಗೆ ಭುಜ ಕೊಟ್ಟು ಮೇಲಕ್ಕೆ ತಳ್ಳಿದ. ಆ ಒಳ್ಳೆಯತನವೇ ಮುಳುವಾಯಿತು. ಮೇಲೆ ಸುರುಳಿಯೊಳಗೆ ಸ್ಪ್ರಿಂಗು 'ಫಟ್' ಎಂದು ಮುರಿಯಿತು. ಇಡೀ ಶಟರು ಧಡಾರನೆ ನೆಲಕ್ಕೆ ಬಂತು. ಸಲೀಂ ಹಿಂದಕ್ಕೆ ಜಿಗಿದು ಹಳೇ ಟೈರುಗಳ ರಾಶಿಯಲ್ಲಿ ಬಿದ್ದ.

ಪಕ್ಕದ ಮಂಡಕ್ಕಿ ಅಂಗಡಿಯ ಅಂಜಿನಕ್ಕನ ನಿದ್ದೆಗಣ್ಣಿನ ದನಿ ಹೊರಗಿನಿಂದ ಕೇಳಿಸಿತು. "ಸಾಬ್ರು ಇವತ್ತ ಲಗೂನ ಮುಚ್ಚಿದ್ರಲ್ಲ." ಆಮೇಲೆ ಮತ್ತೆ ಎಲ್ಲಾ ನಿಶ್ಶಬ್ದ.

ಇಬ್ಬರೂ ಸೇರಿ ಶಟರನ್ನು ಎತ್ತಿ ನೋಡಿದರು. ಒಂದು ಬದಿ ಪಟ್ಟಿಯಿಂದ ಹೊರಗೆ ಬಂದು ಅಡ್ಡಡ್ಡ ಸಿಕ್ಕಿಕೊಂಡಿತ್ತು. ಕೂದಲೆಳೆಯಷ್ಟೂ ಅಲುಗಲಿಲ್ಲ. ಹಿಂದೆ ಬಾಗಿಲಿಲ್ಲ, ಕಿಟಕಿಯಿಲ್ಲ. ಶಟರಿನ ಸಣ್ಣ ತೂತುಗಳಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ನೆಲದ ಮೇಲೆ ಬಿದ್ದಿತ್ತು.

"ಅಂಜಿನಕ್ಕನ್ನ ಕೂಗ್ಲಾ?" ಅಂದ ಸಲೀಂ.

"ಕೂಗಿದ್ರ ಇಡೀ ಊರು ಬರ್ತೈತಿ!" ನೂರೀನ ಅವನ ಬಾಯಿಗೆ ಅಡ್ಡ ಕೈ ತಂದಳು. ಮುಟ್ಟಲಿಲ್ಲ. ಗ್ರೀಸಿನ ಕೈ ಅವನ ಮೀಸೆಯಿಂದ ಎರಡು ಬೆರಳ ದೂರದಲ್ಲಿ ನಿಂತಿತು. ಇಬ್ಬರೂ ಆ ಕೈಯನ್ನೇ ನೋಡಿದರು. ಅವಳು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

ಮನೆಗೆ ಫೋನ್ ಮಾಡಿದಳು. ತಾಯಿ ಶಹಜಾನಬಿಗೆ ನಡೆದದ್ದನ್ನೆಲ್ಲ ಹೇಳಿದಳು.

"ಯಾ ಅಲ್ಲಾ! ಇವತ್ತ ಆಗಬೇಕಿತ್ತಾ ಇದು? ನೂರೀ, ಕೇಳಿಲ್ಲಿ. ಕೆಮ್ಮಬ್ಯಾಡ, ಸೀನಬ್ಯಾಡ. ಒಳಗ ಯಾರದಾರಂತ ಒಂದು ನರಪಿಳ್ಳಿಗೂ ಗೊತ್ತಾಗಬಾರದು. ನಿಮ್ಮಬ್ಬಾಗ ಫೋನ್ ಹಚ್ತೀನಿ. ಅವರು ವೆಲ್ಡಿಂಗ್ ಪಾಲಣ್ಣನ ಕರ್ಕೊಂಡು ಬಂದು ಶಟರ್ ಎತ್ತಸ್ತಾರ. ಸಪ್ಪಳ ಮಾಡಿದ್ಯೋ, ನಿನ್ನ ಮದಿವಿ ಅಲ್ಲಿಗೆ ಮುಗೀತು."

ನೂರೀನ ಫೋನ್ ಇಟ್ಟಳು.

"ಮದುವೆನಾ?" ಅಂದ ಸಲೀಂ. ಶಹಜಾನಬಿಯ ದನಿ ಫೋನಿನಾಚೆಯೂ ಕೇಳುವಂಥದ್ದು.

"ಹೊಸಪೇಟಿಯೋರು. ಇವತ್ತ ನೋಡಾಕ ಬರ್ತಾರ. ನೋಡೋದೇನ್ ಬಂತು, ಎಲ್ಲಾ ಮಾತಾಗೈತಿ. ಇವತ್ತ ನಂದು ಅಂಗಡ್ಯಾಗ ಕಡೀ ದಿನ. ಒಂದು ಸೈಕಲ್ ಬಾಕಿ ಇತ್ತಂತ ಬಂದಿದ್ದೆ."

ಅವನು ಟೈರಿನ ಮೇಲೆ ಕೂತು ಅಂಗೈ ನೋಡಿಕೊಳ್ಳತೊಡಗಿದ. ಆ ಗಾಯ ನೋಡಿ ನೋಡಿ ನೂರೀನಳಿಗೆ ತಡೆಯದಾಯಿತು.

"ಸೀಲು ತಂದೀರೇನು?" ಕೇಳಿದಳು.

"ಹೊಸಾ ಸೆಟ್ಟೇ ತಂದೀನಿ. ಕಿಸೆಯಾಗೈತೆ."

"ಕೊಡ್ರಿ. ಸುಮ್ನ ಕುಂತ್ರ ಹುಚ್ಚು ಹಿಡೀತೈತಿ ನನಗ. ಕೆಡಿಸಿದಾಕಿ ನಾನು, ಸರಿ ಮಾಡಿ ಕೊಡ್ತೀನಿ. ಆದ್ರ ಮಾತು ಮೆಲ್ಲಕ."

ಕೆಲಸ ನೋಡಲು ಸಣ್ಣದು. ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿಗೆ ಎರಡು ಕಾಲು. ಮೇಲಿನ ನುಣುಪು ಕೊಳವೆಗಳು ಕೆಳಗಿನ ದಪ್ಪ ಕೊಳವೆಗಳೊಳಗೆ ಜಾರಿ ಹೋಗಿ ಬರುತ್ತವೆ, ಗುಂಡಿಯ ಪೆಟ್ಟು ಕೈಗೆ ತಾಗದ ಹಾಗೆ. ಕೆಳಗಿನ ಕೊಳವೆಯ ಬಾಯಿಗೆ ರಬ್ಬರಿನ ಸೀಲು, ಧೂಳು ಒಳಗೆ ಹೋಗದಿರಲೆಂದು. ಸೀಲಿನ ಕೆಳಗೆ ಒಂದು ಸ್ಪಂಜಿನ ರಿಂಗು, ಅದೇ ಫೋಮ್ ರಿಂಗು. ಅದಕ್ಕೆ ಮೊದಲೇ ಹೊಟ್ಟೆತುಂಬ ಎಣ್ಣೆ ಕುಡಿಸಿ ಕೂರಿಸಬೇಕು. ಕೊಳವೆ ಹೋಗಿ ಬರುವಾಗೆಲ್ಲ ಅದು ಸ್ವಲ್ಪ ಸ್ವಲ್ಪ ಒರೆಸಿ ಕೊಡುತ್ತಿರುತ್ತದೆ. ಒಣ ರಿಂಗು ಕೂರಿಸಿದರೆ ಫೋರ್ಕು ಹಟ ಹಿಡಿಯುತ್ತದೆ. ಇದು ನೂರೀನಳಿಗೆ ತನ್ನ ಹೆಸರಿನಷ್ಟೇ ಗೊತ್ತಿದ್ದ ವಿಷಯ. ಗೊತ್ತಿದ್ದೂ ಮರೆತಿದ್ದಳು.

ಗಾಲಿ ತೆಗೆದು, ಫೋರ್ಕಿನ ಗಾಳಿ ಬಿಟ್ಟು, ಕೆಳಗಿನ ಬೋಲ್ಟುಗಳನ್ನು ಸಡಿಲಿಸಿದಳು. ಅಲ್ಲಿ ಮರದ ಸುತ್ತಿಗೆಯಿಂದ ಒಂದೇಟು ಕೊಡಬೇಕು, ಆಗ ಒಳಗಿನದು ಬಿಟ್ಟುಕೊಳ್ಳುತ್ತದೆ. ಸುತ್ತಿಗೆ ಎತ್ತಿದವಳು ಹಾಗೇ ಕೆಳಗಿಟ್ಟಳು.

"ಬಡಿಯಂಗಿಲ್ಲ. ಕೇಳ್ತೈತಿ. ನೀವು ಆ ಕಡೆ ಹಿಡೀರಿ, ನಾನು ಈ ಕಡೆ ಜಗ್ಗತೀನಿ."

ಅವನು ಹ್ಯಾಂಡಲ್ಲು ಅಪ್ಪಿಕೊಂಡು ಕೂತ. ಅವಳು ಕೆಳಗಿನ ಕೊಳವೆಗಳನ್ನು ಹಿಡಿದು ಜಗ್ಗಿದಳು. ಬರಲಿಲ್ಲ. ಮತ್ತೆ ಜಗ್ಗಿದಳು. ಫೋರ್ಕು 'ಪುಸಕ್' ಎಂದು ಬಿಟ್ಟ ರಭಸಕ್ಕೆ ಅವಳು ಹಿಂದಕ್ಕೆ, ಅವನು ಸೈಕಲ್ ಸಮೇತ ಅವಳ ಕಡೆಗೆ. ಒಂದು ಗೇಣು ದೂರದಲ್ಲಿ ಎರಡು ಮುಖ. ಇಬ್ಬರಿಗೂ ನಗು ಉಕ್ಕಿತು. ನಗುವಂತಿಲ್ಲವಲ್ಲ! ಅವಳು ದುಪಟ್ಟಾದ ತುದಿ ಬಾಯಿಗೆ ತುರುಕಿಕೊಂಡಳು. ಅವನು ಟೈರಿನೊಳಗೆ ಮುಖ ಇಟ್ಟು ಭುಜ ಕುಲುಕಿಸಿದ.

"ಇದೇ ನಗು," ಅಂದ, ಮುಖ ಎತ್ತಿ.

"ಯಾವ ನಗು?"

"ಪರದೆದು. ಅರಸೀಕೆರೆ ಹತ್ರ ಟಗರು ನನ್ನ ಸೈಕಲ್ಲಿಗೆ ಗುಮ್ಮಿದ್ದು ಸಾಬ್ರಿಗೆ ಹೇಳ್ತಿದ್ನಲ್ಲ, ಆವಾಗ ಪರದೆ ನಕ್ಕಿತ್ತು. ಸಾಬ್ರು ಜೋರಾಗಿ ಕೆಮ್ಮಿದ್ರು, ಕೇಳಬಾರದು ಅಂತ. ನಾನು ಕೇಳಿಬಿಟ್ಟಿದ್ದೆ."

ನೂರೀನ ತಲೆ ತಗ್ಗಿಸಿ ಹಳೇ ಸೀಲನ್ನು ಸ್ಪ್ಯಾನರಿನ ತುದಿಯಿಂದ ಮೀಟತೊಡಗಿದಳು. ಕಿವಿ ಮಾತ್ರ ಕೆಂಪೇರಿತ್ತು. ಸೀಲು ಬಂತು. ಕೆಳಗಿನ ಸ್ಪಂಜನ್ನು ಎಬ್ಬಿಸಿ ಬೆಳಕಿನ ಚುಕ್ಕಿಗೆ ಹಿಡಿದಳು.

"ನೋಡ್ರಿ ನನ್ನ ಕೆಲಸ. ಒಂದು ಹನಿ ಎಣ್ಣಿ ಕಂಡಿಲ್ಲ. ಆವತ್ತ ಹೊಸಪೇಟಿಯಿಂದ ಫೋನ್ ಬಂದಿತ್ತು. ಹುಡುಗಿದೂ ಒಪ್ಪಿಗಿ ಐತಿ ಅಂದ್ರು ನಮ್ಮ ಮನ್ಯಾಗ. ಯಾರ ಒಪ್ಪಿಗಿ ಕೇಳಿ ಯಾರು ಹೇಳಿದ್ರೋ. ಅದ ಗುಂಗಿನ್ಯಾಗ ರಿಂಗು ಹಂಗ ಕುಂದ್ರಿಸಿಬಿಟ್ಟೆ. ನಿಮಗ ಏನಾರ ಹೆಚ್ಚುಕಮ್ಮಿ ಆಗಿದ್ರ..." ಅವಳು ಒಣ ರಿಂಗನ್ನು ಕೆಳಗೆ ಎಸೆದಳು.

"ಅಂಗೈ ಸುಲಿದೈತೆ ಅಷ್ಟೇರಿ. ಮಾಯುತ್ತೆ."

"ನಿಮಗೂ ಒಂದು ಕೇಳ್ಬೇಕು," ಅವಳು ಕಣ್ಣು ಒರೆಸಿಕೊಂಡಳು. ಕೆನ್ನೆಗೆ ಕಪ್ಪು ಹತ್ತಿತು. "ನಿಮ್ಮ ಫೋರ್ಕು ಬಿಚ್ಚಿದಾಗೆಲ್ಲಾ ರಿಂಗು ಹೊಲಸ ಆಗಿರ್ತಿರಲಿಲ್ಲ. ಇನ್ನೂ ಭಾಳ ದಿನ ಓಡ್ತಿದ್ವು. ಹಂಪಸಾಗರದ ಹೊಳಿ ದಂಡಿಗೆ ಹೋಗಿದ್ದೆ, ಉಸುಕಿನ್ಯಾಗ ಹುಗಿದುಹೋಗಿದ್ದೆ, ಎಮ್ಮಿ ಬಂದು ಎಳೀತು ಅಂತ ಕತಿ ಹೇಳಿದ್ರಿ. ನಾನು ಬಿಚ್ಚಿದೆ. ಒಂದು ಕಾಳು ಉಸುಕಿಲ್ಲ."

ಸಲೀಂ ಸಿಕ್ಕಿಬಿದ್ದವನಂತೆ ಕಿವಿ ಕೆರೆದುಕೊಂಡ. "ಹೋಗಿರಲಿಲ್ಲ."

"ಮತ್ತ ಸುಳ್ಳು ಯಾಕ?"

"ಆ ವಾರ ಎಲ್ಲೂ ಹೋಗಾಕೆ ಆಗಿರಲಿಲ್ಲ. ಫ್ಯಾನ್ ಮೇಲೆ ಕೆಲಸ. ಖಾಲಿ ಕೈಯಾಗೆ ಬಂದ್ರೆ ಪರದೆ ಹೆಂಗೆ ನಗ್ಬೇಕು? ಅದಕ್ಕೆ ಎಮ್ಮೆ ಹುಟ್ಟಿಸಿದೆ."

ಅವಳು ನಗಲಿಲ್ಲ. ಎಣ್ಣೆಯ ಬಟ್ಟಲಲ್ಲಿ ಹೊಸ ರಿಂಗುಗಳನ್ನು ಮುಳುಗಿಸಿ ಬೆರಳಿನಿಂದ ಒತ್ತುತ್ತ ಕೂತಳು. ಒತ್ತಿದಾಗ ಗುಳ್ಳೆ ಬಿಡುತ್ತಿದ್ದವು, ಬಿಟ್ಟಾಗ ಎಣ್ಣೆ ಎಳೆದುಕೊಳ್ಳುತ್ತಿದ್ದವು. ತನಗಾಗಿ ಒಬ್ಬ ಮನುಷ್ಯ ಇಲ್ಲದ ಎಮ್ಮೆಯನ್ನು ಹುಟ್ಟಿಸಿಕೊಂಡು ಬಂದಿದ್ದ. ಆ ಕತೆಗಳಿಗಾಗಿ ಅವಳು ಮಧ್ಯಾಹ್ನ ಕಾಯುತ್ತಿದ್ದಳು. ಕೊಟ್ಟೂರು ದಾಟದ ಅವಳು ಅವನ ಬಾಯಿಂದ ತಂಬ್ರಹಳ್ಳಿ ನೋಡಿದ್ದಳು, ಹಡಗಲಿ ನೋಡಿದ್ದಳು. ಇನ್ನು ಮುಂದೆ ಅದೂ ಇಲ್ಲ. ಅಳು ಬರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೇ?

"ಮೊದಲನೇ ಸೀಲು ಕುಂದ್ರಿಸೋಣ," ಅಂದಳು, ದನಿ ಗಟ್ಟಿ ಮಾಡಿಕೊಂಡು.

ಎಣ್ಣೆ ಕುಡಿದ ರಿಂಗನ್ನು ಕೂರಿಸಿ, ಮೇಲೆ ಸೀಲಿಟ್ಟು, ಅದರ ಮೇಲೆ ಪೈಪಿನ ತುಂಡು ನಿಲ್ಲಿಸಿದಳು. ಸುತ್ತಿಗೆ ಇಲ್ಲದೆ ಒತ್ತಿಯೇ ಇಳಿಸಬೇಕು. ಅವಳೊಬ್ಬಳ ಭಾರ ಸಾಲಲಿಲ್ಲ. ಅವನು ಅವಳ ಕೈಗಳ ಮೇಲೆ ತನ್ನ ಕೈ ಇಟ್ಟ, ಗಾಯದ ಕೈಯನ್ನೂ. ಇಬ್ಬರೂ ಉಸಿರು ಬಿಗಿಹಿಡಿದು ಒತ್ತಿದರು. ಸೀಲು ಮೆಲ್ಲಗೆ, ಸದ್ದಿಲ್ಲದೆ ಇಳಿದು ಕೂತಿತು. ಕೂತಾದ ಮೇಲೂ ಕೈಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದವು.

"ನೂರೀನ," ಅಂದ ಅವನು. ಅವಳ ಹೆಸರನ್ನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ನನಗೆ ಫೋರ್ಕು ನೆಪ. ಈ ಪರದೆ ಹಿಂದೆ ಇರೋರ ಮುಖ ನೋಡದೇನೇ ನನಗೆ ಮನಸ್ಸಾಗಿತ್ತು. ಹೇಳಾಕೆ ದಾರಿ ಇರಲಿಲ್ಲ. ಪರದೆಗೆ ಹೆಂಗೆ ಹೇಳೋದು?"

ಅವಳು ಉತ್ತರ ಕೊಡುವ ಮೊದಲೇ ಹೊರಗೆ ಕಾರೊಂದು ನಿಂತಿತು.

ಬಾಗಿಲು ಹಾಕಿದ ಸದ್ದು. ಅಂಗಡಿಯ ಕಟ್ಟೆಯ ಮೇಲೆ ಯಾರೋ ಉಸ್ಸೆಂದು ಕೂತ ಸದ್ದು. ಹಿಂದೆಯೇ ಆಟೋ ಬಂತು, ಮತ್ತು ನೂರೀನಳಿಗೆ ಚೆನ್ನಾಗಿ ಗೊತ್ತಿದ್ದ ಏದುಸಿರು. ಅಪ್ಪನದು! ಜೊತೆಗೆ ವೆಲ್ಡಿಂಗ್ ಪಾಲಣ್ಣನ ಚಪ್ಪಲಿಯ ಸದ್ದು.

"ಅಸ್ಸಲಾಮು ಅಲೈಕುಂ ಸಾಬ್! ನಾನು ಹುಡುಗನ ಮಾಮು. ಮನಿ ಮಂದಿ ಹಿಂದಿನ ಗಾಡ್ಯಾಗ ಬರ್ತಾರ. ನಿಮ್ಮ ಅಂಗಡಿ ಹೆಸರು ಹೊಸಪೇಟ್ಯಾಗ ಕೇಳಿದ್ದೆ, ಒಂದ್ಸಲ ಕಣ್ಣಾರ ನೋಡೋಣ ಅಂತ ಬಂದೆ. ಮುಚ್ಚೈತಲ್ಲ?"

ಸಾಬರು ಸಲಾಮಿಗೆ ಉತ್ತರಿಸಿದರು. "ಹೌದ್ರಿ. ಇವತ್ತ... ಇವತ್ತ ತಗದಿಲ್ಲ. ಈ ಪಾಲಣ್ಣ ಶಟರ್ ನೋಡಾಕ ಬಂದಾನ. ಆಮ್ಯಾಲೆ ನೋಡ್ತಾನ ಬಿಡ್ರಿ. ನಡೀರಿ, ಮನಿಗೆ ಹೋಗೋಣ."

"ಕುಂದ್ರಿ, ಕುಂದ್ರಿ, ಅವಸರ ಏನೈತಿ? ನೆರಳು ಚಲೋ ಐತಿ. ನಿಮ್ಮ ಫೋರ್ಕಿನ ಕೆಲಸಾ ಭಾಳ ಹೊಗಳ್ತಾರ ನಮ್ಮೂರ ಹುಡುಗ್ರು. ಈ ವಯಸ್ಸಿನ್ಯಾಗ ಒಬ್ರ ಮಾಡ್ತೀರಾ?"

ಒಳಗೆ ನೂರೀನ ಶಟರಿಗೆ ಕಿವಿ ಹಚ್ಚಿ ನಿಂತಿದ್ದಳು.

"ಒಬ್ನ ರೀ," ಅಂದರು ಯೂಸುಫ್ ಸಾಬರು. "ಎಲ್ಲಾ ಈ ಕೈಲೇ."

"ಮಗಳು?"

"ಆಕಿ ಮನ್ಯಾಗ ಅದಾಳ. ಅಂಗಡಿ ಕಡೆ ಬಂದಾಕಿನ ಅಲ್ಲ."

"ಅದಕ್ಕ ನಮಗ ನಿಮ್ಮ ಮನಿ ಹಿಡಿಸಿತು." ಮಾಮುವಿನ ದನಿಯಲ್ಲಿ ಕೆಟ್ಟತನ ಇರಲಿಲ್ಲ, ನಿಜವಾದ ಸಂತೋಷವಿತ್ತು. "ನಮ್ಮ ಮನ್ಯಾಗ ಹೆಣ್ಮಕ್ಕಳಿಗೆ ಏನೂ ಕಷ್ಟ ಇಲ್ಲ ಸಾಬ್. ಬಟ್ಟಿ ಮನಿಗೇ ಬರ್ತಾವು, ಬಳಿ ಮನಿಗೇ ಬರ್ತಾವು. ಮೆಟ್ಲು ಇಳಿಯೋ ಪ್ರಸಂಗನ ಬರಂಗಿಲ್ಲ. ನನ್ನ ಹೆಂಡತಿ ಬಂದು ಇಷ್ಟು ವರ್ಷ ಆತು, ಬಜಾರು ಹೆಂಗೈತಂತ ಇನ್ನೂ ನೋಡಿಲ್ಲ. ಹೂವಿನಂಗ ಇಟ್ಕೊಂಡೀವಿ."

ನೂರೀನ ಶಟರಿನಿಂದ ಕಿವಿ ತೆಗೆದಳು. ಈ ಶಟರು ಸಂಜೆಯೊಳಗೆ ಏಳುತ್ತದೆ. ಆ ಮನೆಯದು ಯಾವಾಗ ಏಳುವುದು? ಅವಳು ತಿರುಗಿ ಸಲೀಮನ ಮುಂದೆ ಕೂತಳು.

ಅವನು ತಲೆಯ ಮೇಲಿನ ಅಟ್ಟ ತೋರಿಸಿದ. "ನಾನು ಅಟ್ಟದ ಮೇಲೆ ಸೇರ್ಕಂತೀನಿ," ಪಿಸುಗುಟ್ಟಿದ. "ಅವರು ಹೋದ ಮೇಲೆ ಸಾಬ್ರು ನಿಮ್ಮನ್ನ ಕರ್ಕೊಂಡು ಹೋಗ್ಲಿ. ನಾನು ನಾಳೆ ಹೊರಗೆ ಬಂದ್ರೂ ನಡೀತೈತೆ. ನಿಮ್ಮ ಹೆಸರಿಗೆ ಒಂದು ಮಾತು ಬರಬಾರದು."

"ಆಮೇಲೆ?"

ಅವನು ಎದ್ದು ಅಟ್ಟಕ್ಕೆ ಕೈ ಚಾಚಿದ.

"ಹೇಳ್ರಿ. ನಿಮಗ ಮನಸ್ಸಾಗಿತ್ತು ಅಂದ್ರಲ್ಲ. ನಾನು ಹೊರಗ ಹೋಗಿ ಆ ಮನಿಗೆ ಸೊಸಿ ಆದ್ರ ನಿಮಗ ನಡೀತೈತೇನು?"

"ಇಲ್ಲ." ಅವನ ಕಣ್ಣು ತುಂಬಿತ್ತು. "ನಡಿಯಲ್ಲ. ನಮ್ಮಮ್ಮಿ ಹರಪನಹಳ್ಳಿಯಾಗೆ ಟೈಲರಿಂಗ್ ಅಂಗಡಿ ಇಟ್ಟಾರೆ, ದಿನಾ ಅದರ ಶಟರು ಎತ್ತೋದೂ ಅವರೇ, ಇಳಿಸೋದೂ ಅವರೇ. ನೀವೂ ಹಂಗೇ ಇರಬೇಕು ಅಂತ ನನ್ನ ಆಸೆ. ಆದ್ರೆ ಕೇಳಾಕೆ ನಾನ್ಯಾರು? ಈಗ ಗೊತ್ತಾದ್ರೆ ನಿಮ್ಮ ಮನೆಗೆ ಕೆಟ್ಟ ಹೆಸರು."

ನೂರೀನ ಎರಡನೇ ಸೀಲನ್ನು ಕೈಗೆ ತೆಗೆದುಕೊಂಡಳು. ಎಣ್ಣೆಯಿಂದ ರಿಂಗು ತೆಗೆದು ಕೊಳವೆಯೊಳಗೆ ಕೂರಿಸಿದಳು, ಸೀಲಿಟ್ಟಳು, ಒತ್ತಿದಳು. ಒಂದು ಬದಿ ಇಳಿಯಿತು, ಇನ್ನೊಂದು ಬದಿ ಸೊಟ್ಟಗೆ ನಿಂತಿತು. ಇಬ್ಬರೂ ಸೇರಿ ಒತ್ತಿದರೂ ಜಗ್ಗಲಿಲ್ಲ. ಅದಕ್ಕೆ ಏಟೇ ಬೇಕಿತ್ತು. ಅವಳು ಮರದ ಸುತ್ತಿಗೆ ಎತ್ತಿಕೊಂಡಳು.

ಸಲೀಂ ಅವಳ ಮುಖ ನೋಡಿದ. ಹೊರಗೆ ಅವಳ ಅಪ್ಪ, ಮಾಮು, ಪಾಲಣ್ಣ, ಎದ್ದು ಕೂತಿರಬಹುದಾದ ಅಂಜಿನಕ್ಕ. ಈ ಸುತ್ತಿಗೆ ಬಿದ್ದರೆ ಮತ್ತೆ ಪರದೆಯ ಹಿಂದೆ ಹೋಗುವ ಹಾಗಿಲ್ಲ.

ಅವನು ಪೈಪಿನ ತುಂಡನ್ನು ಸೀಲಿನ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡ.

"ನೆಟ್ಟಗೆ ಹಿಡಿದೀನಿ," ಅಂದ. "ಹೊಡೀರಿ."

ಟೊಕ್.

ಹೊರಗೆ ಮಾತು ನಿಂತಿತು.

"ಒಳಗ ಏನೋ ಸಪ್ಪಳಾತಲ್ಲ?" ಮಾಮುವಿನ ದನಿ.

"ಇಲಿ," ಅಂದರು ಸಾಬರು. "ಇಲಿ ಕಾಟ ಭಾಳ ಐತ್ರಿ."

ಟೊಕ್. ಟೊಕ್.

"ಇಲಿ ಹಿಂಗ ಬಡೀತಾವೇನ್ ಸಾಬ್?"

"ಇಲಿ ಅಲ್ರಿ!" ನೂರೀನ ಎದ್ದು ನಿಂತು ಕೂಗಿದಳು. ಇಷ್ಟು ಜೋರಾಗಿ ಅವಳು ಈ ಅಂಗಡಿಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. "ನಾನು ನೂರೀನ. ಕೆಲಸಾ ಮಾಡಾಕತ್ತೀನಿ. ಅಬ್ಬಾ, ಶಟರ್ ಎತ್ತಸ್ರಿ."

ಪಾಲಣ್ಣ ಯಾರ ಅಪ್ಪಣೆಗೂ ಕಾಯದೆ ಹಾರೆ ಹಾಕಿದ. ಪಟ್ಟಿ ಕಿರುಗುಟ್ಟಿತು, ಶಟರು ಎದ್ದಿತು, ಬಿಸಿಲು ಒಮ್ಮೆಲೇ ಒಳಗೆ ನುಗ್ಗಿತು. ಕಣ್ಣು ಕಿರಿದು ಮಾಡಿಕೊಂಡು ನೂರೀನ ಹೊರಗೆ ನೋಡಿದಳು. ಅಪ್ಪನ ಬೆವೆತ ಮುಖ. ಬಿಳಿ ಜುಬ್ಬಾದ ಮಾಮು. ಸೆರಗು ಬಾಯಿಗೆ ಹಿಡಿದ ಅಂಜಿನಕ್ಕ. ಸಲೀಂ ಅಟ್ಟ ಹತ್ತಲಿಲ್ಲ, ಅವಳ ಪಕ್ಕದಲ್ಲೇ ಬಂದು ನಿಂತ.

"ಇವರು ಸಲೀಂ," ಅಂದಳು ಅವಳು. "ಇವರ ಫೋರ್ಕು ನಾನ ಕೆಡಿಸಿದ್ದೆ, ಸರಿ ಮಾಡಾಕತ್ತಿದ್ದೆ. ಇವರು ಹೊರಗ ಹೋಗೋವಾಗ ಶಟರ್ ಬಿತ್ತು, ಇಬ್ರೂ ಒಳಗ ಉಳಿದ್ವಿ. ಅಷ್ಟ ನಡದದ್ದು. ಮಾಮು, ನೀವು ಹೊಗಳಿದ ಕೆಲಸ ನಂದು. ಅಬ್ಬಾನ ಕಣ್ಣು ಕಾಣಂಗಿಲ್ಲ. ನಿಮ್ಮ ಮನಿ ದೊಡ್ಡದು, ನೀವೂ ಒಳ್ಳೇರು. ನನಗ ಅಲ್ಲಿ ಉಸಿರು ಕಟ್ಟತೈತಿ. ತಪ್ಪು ತಿಳೀಬ್ಯಾಡ್ರಿ."

ಮಾಮು ಅವಳ ಕಪ್ಪು ಕೈಗಳನ್ನೂ ಸಲೀಮನ ಮುಖವನ್ನೂ ಬಹಳ ಹೊತ್ತು ನೋಡಿದರು. "ಇದು ಮೊದಲ ಹೇಳಿದ್ರ ಚಲೋ ಇತ್ತು ಸಾಬ್," ಎಂದಷ್ಟೇ ಹೇಳಿ, ಹಿಂದಿನ ಗಾಡಿಯವರಿಗೆ ಫೋನ್ ಹಚ್ಚುತ್ತ ಕಾರಿನ ಕಡೆ ನಡೆದರು. ಬೈಯಲಿಲ್ಲ. ಬೈದಿದ್ದರೆ ಸಾಬರಿಗೆ ಎಷ್ಟೋ ಹಗುರಾಗುತ್ತಿತ್ತು.

ಕಾರು ಹೋದ ಮೇಲೆ ಯೂಸುಫ್ ಸಾಬರು ಮಗಳ ಕಡೆ ತಿರುಗಿದರು. "ನಿನ್ನ ಸಲುವಾಗಿ ಇಷ್ಟು ದಿನಾ ಸುಳ್ಳು ಹೇಳಿದೆನಲ್ಲೇ."

"ಗೊತ್ತಬ್ಬಾ. ನೀವು ಸುಳ್ಳು ಹೇಳಿದಷ್ಟೂ ನಾನು ಒಳಗ ಹೋದೆ."

ಸಾಬರು ಮುಖ ಬೇರೆ ಕಡೆ ಹೊರಳಿಸಿದರು. ಸಲೀಂ ಮುಂದೆ ಬಂದ.

"ಸಾಬ್ರೇ, ನಮ್ಮಮ್ಮಿನ ಕರ್ಕೊಂಡು ಬರ್ತೀನಿ. ಹಗಲೊತ್ತೇ, ಎಲ್ಲರ ಎದುರಿಗೆ. ನೀವು ಹೂಂ ಅಂದ್ರೆ..."

"ನನ್ನ ಯಾಕ ಕೇಳ್ತಿ?" ಸಾಬರು ಗದರಿದರು. "ನಾನು ಆಕಿನ್ನ ಕೇಳದನ ಒಂದು ಮನಿಗೆ ಹೂಂ ಅಂದು ನೋಡೀನಿ, ಏನಾತಂತ ನೀನ ನೋಡಿದೆಲ್ಲ. ಆಕಿನ್ನ ಕೇಳು."

ಸಲೀಂ ತಿರುಗಿದ. ನಡು ಬಜಾರು. ನಿದ್ದೆಯಿಂದೆದ್ದ ಅಂಗಡಿಗಳ ಕಣ್ಣೆಲ್ಲ ಇತ್ತಲೇ. ಅವನ ಹುಬ್ಬು ಮೇಲೆ ಹೋಯಿತು, ಕೇಳುವ ಹಾಗೆ.

"ನನ್ನ ಕೈ ಹಿಂಗ ಇರ್ತಾವ," ಅಂದಳು, ಎರಡೂ ಅಂಗೈ ಚಾಚಿ. "ಅಬ್ಬಾನ ಅಂಗಡಿ ನಾನು ಬಿಡಂಗಿಲ್ಲ. ನಿಮ್ಮಮ್ಮಿಗೆ ಇದನ್ನ ಮೊದಲ ಹೇಳ್ರಿ."

"ಹೇಳ್ತೀನಿ."

"ಹೇಳಿ ಕರ್ಕೊಂಡು ಬರ್ರಿ." ಕಣ್ಣು ತಗ್ಗಿತು, ದನಿ ತಗ್ಗಲಿಲ್ಲ. "ನನಗ ಒಪ್ಪಿಗಿ ಐತಿ."

ಅಂಜಿನಕ್ಕ ಸೆರಗು ಬಾಯಿಂದ ತೆಗೆದು "ಆಹಾ ಹುಡುಗೀ!" ಅಂದಳು. ಬೈಗುಳವೋ ಮೆಚ್ಚುಗೆಯೋ, ಅವಳಿಗೇ ಗೊತ್ತಿದ್ದಂತಿರಲಿಲ್ಲ. ಸಲೀಂ ಹುಚ್ಚನ ಹಾಗೆ ನಗುತ್ತ ನಿಂತಿದ್ದ.

ನೂರೀನ ಅಭ್ಯಾಸದಂತೆ ಒಳಗೆ ಹೋಗಲು ತಿರುಗಿದಳು. ಫೋರ್ಕು ಇನ್ನೂ ಬಿಚ್ಚಿಕೊಂಡೇ ಬಿದ್ದಿತ್ತಲ್ಲ.

"ಎಲ್ಲಿಗೆ?" ಅಂದರು ಯೂಸುಫ್ ಸಾಬರು.

ಅವರು ತಾವು ಕೂರುವ ಮಣೆಯನ್ನು ಒಳಗಿನಿಂದ ತಂದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಹೊರಗಿನ ಕಟ್ಟೆಯ ಮೇಲಿಟ್ಟರು. ಎಣ್ಣೆಯ ಬಟ್ಟಲು ತಂದಿಟ್ಟರು, ಸ್ಪ್ಯಾನರು ತಂದಿಟ್ಟರು. ಮಂಜುಗಣ್ಣು ಉಜ್ಜಿಕೊಂಡು ಮಗಳ ಕಡೆ ನೋಡಿದರು.

"ಒಳಗ ಬೆಳಕು ಸಾಲಂಗಿಲ್ಲ. ಇಲ್ಲಿ ಕುಂತು ಮುಗಿಸು."

ನೂರೀನ ದುಪಟ್ಟಾ ಬಿಗಿದು ಕಟ್ಟಿಕೊಂಡು, ರಸ್ತೆಗೆ ಮುಖ ಮಾಡಿ ಕೂತಳು.